ಮಳೆ ರಜೆಯ ದಿನ ಮನೆಯಲ್ಲೇ ಕಲಿಕೆ: 1ರಿಂದ 5ನೇ ತರಗತಿಯ ಮಕ್ಕಳ ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಜೂನ್ ತಿಂಗಳಿನಿಂದ ಆಗಸ್ಟ್‌ವರೆಗೆ ಕರಾವಳಿಯ ಮೂರು ಜಿಲ್ಲೆಗಳಲ್ಲಿ, ಕೊಡಗಿನಲ್ಲಿ ಮತ್ತು ಮಲೆನಾಡಿನ ತಾಲ್ಲೂಕುಗಳಲ್ಲಿ ಮಳೆಯ ಕಾರಣಕ್ಕೆ ಶಾಲೆಗಳಿಗೆ ರಜೆ ಸಿಗುವುದು ಹೊಸತಲ್ಲ. ಅಂಥ ದಿನ ಬೆಳಿಗ್ಗೆ ಏಳು ಗಂಟೆಗೇ ನನ್ನ ಫೋನಿಗೆ ಪೋಷಕರ ಕರೆಗಳು ಬರತೊಡಗುತ್ತವೆ. ದಕ್ಷಿಣ ಕನ್ನಡ ಜಿಲ್ಲೆಯ ಸರ್ಕಾರಿ ಪ್ರಾಥಮಿಕ ಶಾಲೆಯೊಂದರ ಶಿಕ್ಷಕಿಯಾಗಿ ನಾನು ಹಲವು ಮಳೆಗಾಲಗಳಿಂದ ಕೊಡುತ್ತಾ ಬಂದಿರುವ ಉತ್ತರಗಳನ್ನು ಇಲ್ಲಿ ಒಂದೆಡೆ ಬರೆದಿದ್ದೇನೆ.

ಮಳೆ ರಜೆಯನ್ನು ಯಾರು ಘೋಷಿಸುತ್ತಾರೆ? ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನು ನಂಬಬಹುದೇ?

2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರಾಗಿರುವ ಜಿಲ್ಲಾಧಿಕಾರಿಯವರು ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ನೋಡಿ ರಜೆ ಘೋಷಿಸುತ್ತಾರೆ. ಕೆಲವೊಮ್ಮೆ ಇಡೀ ಜಿಲ್ಲೆಗೆ, ಕೆಲವೊಮ್ಮೆ ಕೆಲವು ತಾಲ್ಲೂಕುಗಳಿಗೆ ಮಾತ್ರ ರಜೆ ಇರುತ್ತದೆ. ಹಳೆಯ ಆದೇಶದ ದಿನಾಂಕ ತಿದ್ದಿ ಹರಿಯಬಿಡುವವರೂ ಇರುವುದರಿಂದ, ಆದೇಶದಲ್ಲಿರುವ ದಿನಾಂಕ, ತಾಲ್ಲೂಕು ಮತ್ತು ಯಾವ ತರಗತಿಯವರೆಗೆ ಅನ್ವಯ ಎಂಬ ಮೂರನ್ನೂ ಓದಿಕೊಳ್ಳಿ. ಅನುಮಾನವಿದ್ದರೆ ತರಗತಿ ಶಿಕ್ಷಕರಿಗೆ ಒಂದು ಕರೆ ಮಾಡಿ; ಅದರಿಂದ ನಮಗೆ ಯಾವ ತೊಂದರೆಯೂ ಇಲ್ಲ.

ಶಾಲೆಯಲ್ಲಿ ಇಡೀ ದಿನ ಪಾಠ ನಡೆಯುತ್ತದೆ. ಮನೆಯಲ್ಲೂ ಅಷ್ಟೇ ಹೊತ್ತು ಕೂರಿಸಬೇಕೇ?

ಬೇಡ. ಶಿಕ್ಷಣ ಹಕ್ಕು ಕಾಯ್ದೆಯು 1ರಿಂದ 5ನೇ ತರಗತಿಗೆ ವರ್ಷಕ್ಕೆ 200 ಕೆಲಸದ ದಿನಗಳನ್ನೂ 800 ಬೋಧನಾ ಗಂಟೆಗಳನ್ನೂ ನಿಗದಿಪಡಿಸಿದೆ; ಎಂದರೆ ದಿನಕ್ಕೆ ಸರಾಸರಿ ನಾಲ್ಕು ಗಂಟೆ. ಆ ನಾಲ್ಕು ಗಂಟೆಗಳಲ್ಲಿ ಇಪ್ಪತ್ತು ಮೂವತ್ತು ಮಕ್ಕಳಿಗೆ ಸರದಿಯಂತೆ ಓದಿಸುವುದು, ಒಬ್ಬರು ಮುಗಿಸುವವರೆಗೆ ಇನ್ನೊಬ್ಬರು ಕಾಯುವುದು, ಹಾಡು, ಆಟ ಎಲ್ಲವೂ ಸೇರಿರುತ್ತವೆ. ಮನೆಯಲ್ಲಿ ಒಂದೇ ಮಗುವಿನ ಪಕ್ಕದಲ್ಲಿ ಕುಳಿತು ಇಪ್ಪತ್ತು ನಿಮಿಷ ಓದಿಸಿದರೆ ಶಾಲೆಯಲ್ಲಿ ಅದೇ ಮಗುವಿಗೆ ಒಂದು ದಿನದಲ್ಲಿ ಸಿಗುವುದಕ್ಕಿಂತ ಹೆಚ್ಚಿನ ಗಮನ ಸಿಗುತ್ತದೆ. ಇದನ್ನು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ಆದ್ದರಿಂದ 1 ಮತ್ತು 2ನೇ ತರಗತಿಯವರಿಗೆ ಇಪ್ಪತ್ತು ನಿಮಿಷಗಳ ಎರಡು ಅವಧಿ, 3ರಿಂದ 5ನೇ ತರಗತಿಯವರಿಗೆ ಅರ್ಧ ಗಂಟೆಯ ಎರಡು ಅವಧಿ ಸಾಕು. 2020ರ ಶಾಲಾ ಬ್ಯಾಗ್ ನೀತಿಯು ಎರಡನೇ ತರಗತಿಯವರೆಗೆ ಮನೆಕೆಲಸವೇ ಬೇಡವೆಂದೂ 3ರಿಂದ 5ನೇ ತರಗತಿಗೆ ವಾರಕ್ಕೆ ಎರಡು ಗಂಟೆ ಮೀರಬಾರದೆಂದೂ ಹೇಳಿದೆ. ರಜೆ ಸಿಕ್ಕಿತೆಂದು ನಾಲ್ಕು ಪುಟ ಕಾಪಿ ಬರೆಸುವುದರಿಂದ ಬೆರಳು ನೋಯುತ್ತದೆಯೇ ಹೊರತು ಓದು ಮುಂದೆ ಹೋಗುವುದಿಲ್ಲ.

ಹಾಗಾದರೆ ದಿನದ ಉಳಿದ ಹೊತ್ತು ಏನು ಮಾಡಿಸಬೇಕು?

ಮನೆಯಲ್ಲಿ ನಡೆಯುವ ಕೆಲಸವೇ ಪಾಠ. ಕುಚ್ಚಲಕ್ಕಿಯನ್ನು ಪಾವಿನಲ್ಲಿ ಅಳೆದು ಹಾಕುವಾಗ ಎಷ್ಟು ಪಾವಿಗೆ ಒಂದು ಸೇರು ಎಂದು ಮಗುವೇ ಅಳೆದು ನೋಡಲಿ. ಪತ್ರೊಡೆಗೆ ತಂದ ಕೆಸುವಿನ ಎಲೆಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಲಿ; ಎಲೆಯ ಮೇಲೆ ನೀರು ನಿಲ್ಲದೆ ಮುತ್ತಿನಂತೆ ಉರುಳುವುದನ್ನು ನೋಡಿ, ಹಲಸಿನ ಎಲೆಯ ಮೇಲೆ ಹಾಗಾಗುತ್ತದೆಯೇ ಎಂದು ಹೋಲಿಸಲಿ. ಹಸಿ ಕೆಸುವಿನ ಎಲೆ ಮುಟ್ಟಿದರೆ ಕೆಲವರಿಗೆ ತುರಿಸುತ್ತದೆ, ಆದ್ದರಿಂದ ಕೊನೆಯಲ್ಲಿ ಕೈ ತೊಳೆಸಿ. ಬೇಸಿಗೆಯಲ್ಲಿ ಒಣಗಿಸಿಟ್ಟ ಹಲಸಿನ ಹಪ್ಪಳ ಮಳೆಗಾಲದಲ್ಲಿ ಡಬ್ಬಿಯ ಹೊರಗಿಟ್ಟರೆ ಏಕೆ ಮೆತ್ತಗಾಗುತ್ತದೆ ಎಂದು ಕೇಳಿ. ಉತ್ತರವನ್ನು ತಕ್ಷಣ ಹೇಳಬೇಡಿ. ಒಂದು ಹಪ್ಪಳ ಡಬ್ಬಿಯೊಳಗೆ, ಒಂದು ಹೊರಗೆ ಇಟ್ಟು ಸಂಜೆ ಎರಡನ್ನೂ ಮುರಿದು ನೋಡಲು ಬಿಡಿ.

ಇಂಥದ್ದರಲ್ಲಿ ದಿನಕ್ಕೆ ಒಂದು ಸಾಕು. ಪ್ರತಿ ಕೆಲಸವನ್ನೂ ಪಾಠವಾಗಿಸಲು ಹೊರಟರೆ ಮಗುವೂ ನೀವೂ ದಣಿಯುತ್ತೀರಿ.

ಮಳೆ ಅಳೆಯುವ ಚಟುವಟಿಕೆಯನ್ನು ಮನೆಯಲ್ಲಿ ಮಾಡುವುದು ಹೇಗೆ?

ಇದನ್ನು ವಿವರವಾಗಿ ಬರೆಯುತ್ತೇನೆ, ಏಕೆಂದರೆ ನನ್ನ ಅನುಭವದಲ್ಲಿ ಮಳೆ ರಜೆಯ ಒಂದು ದಿನಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲವಿರುವ ಪ್ಲಾಸ್ಟಿಕ್ ಬಾಟಲಿಯನ್ನು ತೆಗೆದುಕೊಂಡು, ಕುತ್ತಿಗೆಯ ಕೆಳಗೆ ದೊಡ್ಡವರೇ ಕತ್ತರಿಸಿ ಕೊಡಿ. ಕತ್ತರಿಸಿದ ಮೇಲ್ಭಾಗವನ್ನು ಮುಚ್ಚಳ ತೆಗೆದು ತಲೆಕೆಳಗಾಗಿ ಬಾಟಲಿಯೊಳಗೆ ಕೂರಿಸಿದರೆ ಅದೇ ಆಲಿಕೆಯಾಗುತ್ತದೆ. ಬಾಟಲಿಯ ತಳ ಏರುತಗ್ಗಾಗಿರುವುದರಿಂದ, ತಳ ಮುಚ್ಚುವಷ್ಟು ಸಣ್ಣ ಕಲ್ಲು ಹಾಕಿ, ಕಲ್ಲು ಮುಳುಗುವಷ್ಟು ನೀರು ಹೊಯ್ದು, ಆ ನೀರಿನ ಮಟ್ಟಕ್ಕೆ ಸೊನ್ನೆಯ ಗೆರೆ ಎಳೆಯಬೇಕು. ಅಲ್ಲಿಂದ ಮೇಲಕ್ಕೆ ಮಿಲಿಮೀಟರ್ ಗುರುತುಗಳಿರುವ ಕಾಗದದ ಪಟ್ಟಿ ಅಂಟಿಸಿ, ಅದರ ಮೇಲೆ ಪಾರದರ್ಶಕ ಟೇಪ್ ಸುತ್ತಿ. ಮಕ್ಕಳ ಸ್ಕೇಲಿನಲ್ಲಿ ಸೊನ್ನೆಯು ಅಂಚಿನಲ್ಲೇ ಇರುವುದಿಲ್ಲ, ಸ್ವಲ್ಪ ಒಳಗೆ ಇರುತ್ತದೆ. ಐದನೇ ತರಗತಿಯವರೂ ಇಲ್ಲಿ ತಪ್ಪುತ್ತಾರೆ.

ಇದನ್ನು ಅಂಗಳದಲ್ಲಿ ಮಾಡಿನ (ಛಾವಣಿಯ) ನೀರು ಬೀಳದ, ಮರದ ನೆರಳಿಲ್ಲದ ಜಾಗದಲ್ಲಿ ಇಟ್ಟು, ಗಾಳಿಗೆ ಉರುಳದಂತೆ ಸುತ್ತ ಕಲ್ಲು ಜೋಡಿಸಿ. ಬೆಳಿಗ್ಗೆ 8:30ಕ್ಕೆ ಓದಿ, ಬರೆದುಕೊಂಡು, ಸೊನ್ನೆಯ ಗೆರೆಯವರೆಗೆ ನೀರು ಉಳಿಸಿ ಮಿಕ್ಕದ್ದನ್ನು ಚೆಲ್ಲಿ. 8:30 ಏಕೆಂದರೆ ಭಾರತೀಯ ಹವಾಮಾನ ಇಲಾಖೆಯೂ ಬೆಳಿಗ್ಗೆ 8:30ಕ್ಕೆ ಮುಗಿಯುವ 24 ಗಂಟೆಗಳ ಮಳೆಯನ್ನೇ ಒಂದು ದಿನದ ಮಳೆಯೆಂದು ಲೆಕ್ಕ ಹಾಕುತ್ತದೆ. ಹಾಗೆ ಅಳೆದಾಗ 64.5 ಮಿ.ಮೀ. ದಾಟಿದರೆ ಅದು ‘ಭಾರಿ ಮಳೆ’, 115.6 ಮಿ.ಮೀ. ಮುಟ್ಟಿದರೆ ‘ಅತಿ ಭಾರಿ’, 204.5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚಾದರೆ ಅದಕ್ಕೂ ಮೇಲಿನ ವರ್ಗ. ಟಿ.ವಿ.ಯಲ್ಲಿ ಕೇಳುವ ಆರೆಂಜ್ ಅಲರ್ಟ್, ರೆಡ್ ಅಲರ್ಟ್‌ಗಳ ಹಿಂದೆ ಇಂಥ ಅಂಕಿಗಳಿವೆ ಎಂದು ತನ್ನದೇ ಬಾಟಲಿಯಿಂದ ತಿಳಿದ ಮಗು ಮುಂದೆ ದಶಮಾಂಶಕ್ಕೆ ಹೆದರುವುದಿಲ್ಲ.

4 ಮತ್ತು 5ನೇ ತರಗತಿಯವರು ಇನ್ನೊಂದು ಹೆಜ್ಜೆ ಹೋಗಬಹುದು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್ ನೀರು. ನಿಮ್ಮ ಮನೆಯ ಮಾಡು 60 ಚದರ ಮೀಟರ್ ಜಾಗವನ್ನು ಮುಚ್ಚಿದ್ದು, 80 ಮಿ.ಮೀ. ಮಳೆ ಸುರಿದಿದ್ದರೆ ಮಾಡಿನ ಮೇಲೆ ಬಿದ್ದದ್ದು 4,800 ಲೀಟರ್. 15 ಲೀಟರಿನ ಕೊಡಪಾನದಲ್ಲಿ 320 ಕೊಡಪಾನ. ಇಳಿಜಾರಾದ ಹಂಚಿನ ಮಾಡಿದ್ದರೂ ಲೆಕ್ಕಕ್ಕೆ ಬೇಕಾದದ್ದು ಅದು ಮುಚ್ಚುವ ನೆಲದ ಅಳತೆಯೇ, ಹಂಚಿನ ಅಳತೆಯಲ್ಲ. ಏಕೆ ಎಂದು ಮಗು ಯೋಚಿಸಲಿ. ಮಾರ್ಚ್ ಬಂದಾಗ ಬಾವಿಯಲ್ಲಿ ನೀರು ತಳ ಕಾಣುವ ಮನೆಗಳ ಮಕ್ಕಳು ಈ 320 ಕೊಡಪಾನಗಳ ಬಗ್ಗೆ ತುಂಬಾ ಪ್ರಶ್ನೆ ಕೇಳುತ್ತಾರೆ.

1 ಮತ್ತು 2ನೇ ತರಗತಿಯವರಿಗೆ ಈ ಗುಣಾಕಾರ ಬೇಡ. ನಿನ್ನೆಯ ನೀರು ಎಷ್ಟು ಎತ್ತರ, ಇಂದಿನದು ಎಷ್ಟು ಎಂದು ಬಣ್ಣದ ಪಟ್ಟಿ ಬಿಡಿಸಿದರೆ ಸಾಕು.

ನಮ್ಮ ಮಗು ಒಂದನೇ ತರಗತಿ. ಅ, ಆ, ಇ, ಈ ಕ್ರಮವಾಗಿ ಹೇಳಲು ಬರುವುದಿಲ್ಲ. ರಜೆಯಲ್ಲಿ ಅದನ್ನೇ ಬಾಯಿಪಾಠ ಮಾಡಿಸಲೇ?

ದಯವಿಟ್ಟು ಬೇಡ. ಸರ್ಕಾರಿ ಶಾಲೆಗಳಲ್ಲಿ 1ರಿಂದ 3ನೇ ತರಗತಿಗೆ ‘ನಲಿ-ಕಲಿ’ ಪದ್ಧತಿ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಈ ಪದ್ಧತಿಯಲ್ಲಿ ಅಕ್ಷರಗಳು ವರ್ಣಮಾಲೆಯ ಕ್ರಮದಲ್ಲಿ ಬರುವುದಿಲ್ಲ. ಮೊದಲ ಗುಂಪು ‘ರ, ಗ, ಸ, ದ, ಅ’. ಎರಡನೆಯದು ‘ಜ, ವ, ಮ, ಬ, ನ’. ಮೊದಲ ಐದು ಅಕ್ಷರ ಕಲಿತ ಮಗು ಸರ, ದರ, ಅರಸ, ಅಗಸ, ಗರಗಸ ಎಂದು ಅಂದೇ ಓದಬಲ್ಲದು. ಇನ್ನೈದು ಸೇರಿದರೆ ಮರ, ಜನ, ವನ, ನಗರ, ಅವಸರ. ವರ್ಣಮಾಲೆಯ ಮೊದಲ ಐದು ಅಕ್ಷರಗಳಿಂದ ಮಗು ಹೀಗೆ ಪದಗಳನ್ನು ಕಟ್ಟಲಾರದು. ಕ್ರಮ ಬದಲಿಸಿದ್ದರ ಉದ್ದೇಶವೇ ಇದು.

ಮಗು ಈಗ ಯಾವ ಗುಂಪಿನಲ್ಲಿದೆ ಎಂದು ಶಿಕ್ಷಕರನ್ನು ಕೇಳಿ ತಿಳಿದುಕೊಂಡು, ಆ ಅಕ್ಷರಗಳನ್ನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ದೊಡ್ಡದಾಗಿ ಬರೆದು ಕತ್ತರಿಸಿ ಕೊಡಿ. ಮಗು ಅವನ್ನು ನೆಲದ ಮೇಲೆ ಜೋಡಿಸಿ ಪದ ಕಟ್ಟಲಿ. ಅರ್ಥವಿಲ್ಲದ ಪದ ಕಟ್ಟಿದರೂ ಓದಲು ಹೇಳಿ, ಇಬ್ಬರೂ ನಕ್ಕುಬಿಡಿ. ವರ್ಣಮಾಲೆಯ ಕ್ರಮ ನಿಘಂಟು ನೋಡುವ ಹೊತ್ತಿಗೆ ತಾನಾಗಿ ಬರುತ್ತದೆ.

ಮನೆಯಲ್ಲಿ ನಾವು ತುಳು ಮಾತಾಡುತ್ತೇವೆ. ಕನ್ನಡದಲ್ಲಿ ಮಾತಾಡಿಸಿದರೆ ಮಾತ್ರ ಕಲಿಕೆಯಾಗುತ್ತದೆಯೇ?

ತುಳು, ಕೊಂಕಣಿ, ಬ್ಯಾರಿ, ಹವ್ಯಕ, ಕುಂದಾಪ್ರ ಕನ್ನಡ ಹೀಗೆ ಯಾವ ಮನೆಮಾತಿನ ಪೋಷಕರೂ ಈ ಪ್ರಶ್ನೆಯನ್ನು ತಪ್ಪದೆ ಕೇಳುತ್ತಾರೆ, ಅದೂ ಸ್ವಲ್ಪ ಅಳುಕಿನಿಂದ. ಆ ಅಳುಕು ಬೇಡ. ಮಗು ಯೋಚಿಸುವುದು ಮನೆಮಾತಿನಲ್ಲಿ. ತೋಡಿನಲ್ಲಿ (ಸಣ್ಣ ಹೊಳೆಯಲ್ಲಿ) ನೀರು ಏಕೆ ಕೆಂಪಾಯಿತು ಎಂಬುದನ್ನು ತುಳುವಿನಲ್ಲಿ ಸ್ಪಷ್ಟವಾಗಿ ವಿವರಿಸಬಲ್ಲ ಮಗು, ಪದಗಳು ಸಿಕ್ಕಿದ ಮೇಲೆ ಅದನ್ನೇ ಕನ್ನಡದಲ್ಲಿ ಹೇಳುತ್ತದೆ. ಯಾವ ಭಾಷೆಯಲ್ಲೂ ವಿವರಿಸಲು ಬಾರದ ಮಗುವಿಗೆ ಕನ್ನಡ ಪದ ಕೊಟ್ಟು ಪ್ರಯೋಜನವಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಿರುವೆಡೆ ಕನಿಷ್ಠ ಐದನೇ ತರಗತಿಯವರೆಗೆ ಮನೆಮಾತಿನಲ್ಲಿ ಕಲಿಸಬೇಕೆಂದಿದೆ.

ರಜೆಯ ದಿನಕ್ಕೆ ಒಂದು ಒಳ್ಳೆಯ ಕೆಲಸವಿದೆ. ನೋಟ್‌ಬುಕ್ಕಿನ ಒಂದು ಹಾಳೆಯನ್ನು ನಡುವೆ ಮಡಚಿ, ಎಡಕ್ಕೆ ಮನೆಮಾತಿನ ಪದ, ಬಲಕ್ಕೆ ಕನ್ನಡ ಪದ ಬರೆಯಿಸಿ. ತುಳುವಿನ ‘ಬರ್ಸ’, ಕೊಂಕಣಿಯ ‘ಪಾವ್ಸ್’ ಕನ್ನಡದಲ್ಲಿ ‘ಮಳೆ’. ತುಳುವಿನ ‘ಬೊಳ್ಳ’ ಕನ್ನಡದಲ್ಲಿ ‘ನೆರೆ’. ಹತ್ತು ಪದಗಳಾದರೆ ಸಾಕು. ಕೆಲವು ಪದಗಳು ಎರಡೂ ಕಡೆ ಒಂದೇ ಆಗಿರುವುದನ್ನು ಕಂಡು ಮಕ್ಕಳಿಗೆ ಆಗುವ ಸಂತೋಷವನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ನನಗೆ ಓದು ಬರಹ ಹೆಚ್ಚು ಬರುವುದಿಲ್ಲ. ಮನೆಯಲ್ಲಿರುವುದು ಅಜ್ಜಿ ಮಾತ್ರ. ಏನು ಮಾಡಲಿ?

ಅಜ್ಜಿ ಇರುವ ಮನೆಯಲ್ಲಿ ಏನೂ ಕಡಿಮೆಯಿಲ್ಲ. ಒಗಟು ಹೇಳಲು ಅಕ್ಷರ ಬೇಡ. ತುಳುವಿನಲ್ಲಿ ಎದುರು ಕತೆ, ಕೊಂಕಣಿಯಲ್ಲಿ ಹುಮಿಣಿ, ಕನ್ನಡದಲ್ಲಿ ಒಗಟು. ಹೆಸರು ಬೇರೆ, ಬುದ್ಧಿಗೆ ಕೊಡುವ ಕಸರತ್ತು ಒಂದೇ. ‘ಅಂಗೈ ಕೊಟ್ಟರೆ ಮುಂಗೈ ನುಂಗುತ್ತದೆ’ ಎಂದಾಗ ಬಳೆಯನ್ನು ಕಂಡುಹಿಡಿಯುವುದು, ‘ನೀರಿನಲ್ಲೇ ಹುಟ್ಟುತ್ತದೆ, ನೀರು ಮುಟ್ಟಿದರೆ ಸಾಯುತ್ತದೆ’ ಎಂದಾಗ ಉಪ್ಪನ್ನು ಕಂಡುಹಿಡಿಯುವುದು, ಎರಡೂ ಭಾಷೆಯ ಪಾಠವೇ.

ಮಳೆ ನಕ್ಷತ್ರಗಳ ಹೆಸರು ಅಜ್ಜ ಅಜ್ಜಿಯರಿಗೆ ಗೊತ್ತಿರುತ್ತದೆ. ಜೂನ್ ಮೂರನೇ ವಾರದ ಕೊನೆಗೆ ಆರಿದ್ರಾ, ಜುಲೈ ಮೊದಲ ವಾರದಲ್ಲಿ ಪುನರ್ವಸು, ಮೂರನೇ ವಾರದಲ್ಲಿ ಪುಷ್ಯ, ಆಗಸ್ಟ್ ಆರಂಭದಲ್ಲಿ ಆಶ್ಲೇಷ. ಮಗು ಅವನ್ನು ಕ್ಯಾಲೆಂಡರಿನಲ್ಲಿ ಹುಡುಕಿ ಗುರುತು ಹಾಕಲಿ. 365 ದಿನಗಳನ್ನು 27 ನಕ್ಷತ್ರಗಳಿಗೆ ಹಂಚಿದರೆ ಒಂದಕ್ಕೆ ಹದಿಮೂರೂವರೆ ದಿನ ಬರುತ್ತದೆ ಎಂಬುದು ಐದನೇ ತರಗತಿಯ ಭಾಗಾಕಾರ. ಮಗು ಪಠ್ಯಪುಸ್ತಕವನ್ನು ಗಟ್ಟಿಯಾಗಿ ಓದುವಾಗ ಅಜ್ಜಿ ಕೇಳುತ್ತಾ ಕೂರಲಿ, ‘ಆಮೇಲೆ ಏನಾಯಿತು?’ ಎಂದು ಅವರು ಕೇಳಿದರೆ ಮಗು ತಪ್ಪದೆ ಮುಂದಿನ ಸಾಲು ಓದುತ್ತದೆ.

ಗಣಿತವನ್ನು ಆಟದಲ್ಲಿ ಕಲಿಸಬಹುದೇ?

ಅಟ್ಟದ ಮೇಲೆ ಚೆನ್ನೆಮಣೆ ಇದ್ದರೆ ಇಳಿಸಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆಟಿ ತಿಂಗಳಲ್ಲಿ ತುಳುನಾಡಿನ ಮನೆಗಳಲ್ಲಿ ಆಡುತ್ತಿದ್ದ ಈ ಆಟದಲ್ಲಿ ಸಾಲಿಗೆ ಏಳರಂತೆ 14 ಗುಳಿಗಳು, ಗುಳಿಗೆ ನಾಲ್ಕರಂತೆ 56 ಕಾಯಿಗಳು. ಮಣೆ ಇಲ್ಲದಿದ್ದರೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ವೃತ್ತ ಬರೆದು ಹುಣಸೆ ಬೀಜ ಇಟ್ಟರೂ ಆಯಿತು. ಯಾವ ಗುಳಿಯಿಂದ ತೆಗೆದು ಹಂಚಿದರೆ ಕೊನೆಯ ಕಾಯಿ ಎಲ್ಲಿ ಬೀಳುತ್ತದೆ ಎಂದು ಮುಂದಾಗಿ ಎಣಿಸುವುದು ಒಳ್ಳೆಯ ಬಾಯಿಲೆಕ್ಕ. ಬಾಯಿಪಾಠದ ಮಗ್ಗಿಯೂ ಬೇಕು, ಆದರೆ ಆಟದ ನಂತರ.

ಅಡಿಕೆ ತೋಟವಿರುವ ಮನೆಗಳಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವ ಕಾಲವೂ ಇದೇ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂದಾದರೆ ಇಪ್ಪತ್ತು ಲೀಟರಿಗೆ ಎಷ್ಟೆಷ್ಟು? ಇನ್ನೂರು ಗ್ರಾಂ ಎಂಬ ಲೆಕ್ಕ ಕಾಗದದ ಮೇಲೆ ಮಾತ್ರ ನಡೆಯಲಿ. ದ್ರಾವಣದ ಹತ್ತಿರ ಮಕ್ಕಳು ಸುಳಿಯಬಾರದು.

ಮೊಬೈಲಿನಲ್ಲಿ ಪಾಠ ತೋರಿಸಬಹುದೇ?

ನಮ್ಮ ಕಡೆ ಮಳೆ ಜೋರಾದರೆ ಮೊದಲು ಕರೆಂಟ್ ಹೋಗುತ್ತದೆ, ಆಮೇಲೆ ನೆಟ್‌ವರ್ಕ್. ಆದ್ದರಿಂದ ಮೊಬೈಲನ್ನು ನೆಚ್ಚಿಕೊಂಡ ಯೋಜನೆ ಮಳೆ ರಜೆಗೆ ಹೊಂದುವುದಿಲ್ಲ. ಇರುವ ಚಾರ್ಜನ್ನು ತುರ್ತು ಕರೆಗೆ ಉಳಿಸಿಕೊಳ್ಳಿ. ನೆಟ್‌ವರ್ಕ್ ಇದ್ದರೆ ಪಠ್ಯಪುಸ್ತಕದ ಕ್ಯೂಆರ್ ಕೋಡನ್ನು ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿ ಆ ಪಾಠದ ವಿಡಿಯೊ ನೋಡಬಹುದು. ಕೋವಿಡ್ ಕಾಲದಲ್ಲಿ ಕೇಂದ್ರ ಶಿಕ್ಷಣ ಇಲಾಖೆಯ ‘ಪ್ರಜ್ಞಾತಾ’ ಮಾರ್ಗಸೂಚಿಯು ಶಾಲೆ ಪೂರ್ತಿ ಮುಚ್ಚಿದ್ದಾಗಲೂ 1ರಿಂದ 8ನೇ ತರಗತಿಗೆ ದಿನಕ್ಕೆ 30ರಿಂದ 45 ನಿಮಿಷದ ಎರಡು ಅವಧಿಗಿಂತ ಹೆಚ್ಚು ಆನ್‌ಲೈನ್ ಪಾಠ ಬೇಡವೆಂದಿತ್ತು. ಒಂದು ದಿನದ ರಜೆಗೆ ಅಷ್ಟೂ ಬೇಡ. ಅದೇ 2020ರಲ್ಲಿ ವಿದ್ಯಾಗಮ ಯೋಜನೆಯಡಿ ನಾವು ಶಿಕ್ಷಕರು ಮಕ್ಕಳಿರುವ ಕಡೆಗೇ ಹೋಗಿ ದೇವಸ್ಥಾನದ ಜಗಲಿ, ಮರದ ನೆರಳುಗಳಲ್ಲಿ ಕಲಿಸಿದೆವು. ಮಗುವಿಗೆ ಎದುರು ಕೂರುವ ಒಬ್ಬ ಮನುಷ್ಯ ಬೇಕು ಎಂಬುದು ಆಗ ನನಗೆ ಚೆನ್ನಾಗಿ ಮನದಟ್ಟಾಯಿತು.

ನಾವಿಬ್ಬರೂ ಕೆಲಸಕ್ಕೆ ಹೋಗಬೇಕು. ರಜೆ ಮಕ್ಕಳಿಗೆ ಮಾತ್ರ, ನಮಗಿಲ್ಲ. ಏನು ಮಾಡುವುದು?

ಈ ಪ್ರಶ್ನೆಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ದಿನಗೂಲಿಗೆ ಹೋಗುವ ತಾಯಿಗೆ ಆ ದಿನದ ಸಂಬಳ ಬಿಡಲಾಗದು. ಜೊತೆಗೆ ರಜೆಯ ದಿನ ಶಾಲೆಯ ಹಾಲೂ ಬಿಸಿಯೂಟವೂ ಇಲ್ಲ. ನೆರೆಹೊರೆಯ ಮೂರು ನಾಲ್ಕು ಮನೆಯವರು ಮೊದಲೇ ಮಾತಾಡಿಕೊಂಡು, ರಜೆ ಬಂದ ದಿನ ಯಾರ ಮನೆಯಲ್ಲಿ ಮಕ್ಕಳು ಒಟ್ಟಿಗಿರಬೇಕು, ಮಧ್ಯಾಹ್ನದ ಗಂಜಿ ಯಾರು ಕೊಡಬೇಕು ಎಂದು ಜೂನ್ ತಿಂಗಳಲ್ಲೇ ನಿಶ್ಚಯಿಸಿಕೊಳ್ಳುವುದು ನಾನು ಕಂಡಿರುವ ಒಳ್ಳೆಯ ದಾರಿ. ದೊಡ್ಡ ಮಕ್ಕಳು ಚಿಕ್ಕವರಿಗೆ ಓದಿ ಹೇಳುವುದೂ ಅಲ್ಲಿ ತಾನಾಗಿ ನಡೆಯುತ್ತದೆ. ಪ್ರಾಥಮಿಕ ಶಾಲೆಯ ಮಗುವನ್ನು ಮಳೆಯ ದಿನ ಮನೆಯಲ್ಲಿ ಒಂಟಿಯಾಗಿ ಬಿಡಬೇಡಿ.

ಮನೆಯಲ್ಲಿ ಬೀಡಿ ಕಟ್ಟುವ ಅಮ್ಮಂದಿರಲ್ಲಿ ಒಂದು ವಿನಂತಿ. ರಜೆ ಇದೆಯೆಂದು ಮಗುವನ್ನು ಬೀಡಿ ಕಟ್ಟುವ ತಡ್ಪೆಯ (ಮೊರದ) ಹತ್ತಿರ ಕೂರಿಸಿಕೊಳ್ಳಬೇಡಿ. ತಂಬಾಕಿನ ಹುಡಿ ಮಕ್ಕಳ ಕೈಗೂ ಉಸಿರಿಗೂ ಒಳ್ಳೆಯದಲ್ಲ. ಮಗು ಕಿಟಕಿಯ ಹತ್ತಿರ ಕುಳಿತು ನಿಮಗೆ ಕೇಳುವಂತೆ ಪಾಠ ಓದಲಿ; ನಿಮ್ಮ ಕೈ ನಡೆಯುತ್ತಿರಲಿ, ಕಿವಿ ಮಗುವಿನ ಕಡೆಗಿರಲಿ.

ಹೊರಗೆ ಬಿಡಬಹುದೇ?

ಅಂಗಳದವರೆಗೆ, ನಿಮ್ಮ ಕಣ್ಣೆದುರಿಗೆ. ತೋಡು, ಕೆರೆ, ಕಾಲುಸಂಕಗಳ (ತೋಡು ದಾಟುವ ಕಿರುಸೇತುವೆಗಳ) ಹತ್ತಿರ ಖಂಡಿತ ಬೇಡ. ಕಾಲುಸಂಕದಿಂದ ಜಾರಿ ಶಾಲಾ ಮಕ್ಕಳು ಕೊಚ್ಚಿಹೋದ ದುಃಖ ನಮ್ಮ ಕರಾವಳಿಗೆ ಗೊತ್ತಿದೆ. ರಜೆ ಕೊಡುವುದೇ ಮಗು ನೀರಿನಿಂದ ದೂರವಿರಲೆಂದು. ಕಾಲಿನಲ್ಲಿ ಗಾಯವಿದ್ದರೆ ನಿಂತ ನೀರಿಗೆ ಇಳಿಸಬೇಡಿ, ಇಲಿಜ್ವರ ತಗಲುವುದು ಹಾಗೆಯೇ. ಮನೆಯ ಹಿಂದೆ ಗುಡ್ಡ ಕಡಿದಿದ್ದು, ಅಲ್ಲಿ ಬಿರುಕು ಕಂಡರೆ ಅಥವಾ ಇದ್ದಕ್ಕಿದ್ದಂತೆ ಕೆಸರು ನೀರು ಬರತೊಡಗಿದರೆ ಪುಸ್ತಕ, ಚೀಲ ಏನನ್ನೂ ನೋಡದೆ ಮೊದಲು ಮನೆಯಿಂದ ಹೊರಗೆ ಹೋಗಿ.

ಮಳೆ ನಿಂತಾಗ ಮಗುವನ್ನು ಜೊತೆಗೆ ಕರೆದುಕೊಂಡು ಮನೆಯ ಸುತ್ತ ನಿಂತ ನೀರು ಹುಡುಕಿ: ತೆಂಗಿನ ಗೆರಟೆ, ಅಡಿಕೆ ಹಾಳೆ, ರಬ್ಬರ್ ಹಾಲಿನ ಚಿಪ್ಪು, ಹಳೆಯ ಟಯರ್. ಡೆಂಗಿ ಹರಡುವ ಸೊಳ್ಳೆಯ ಮೊಟ್ಟೆ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕಾಗುವುದರಿಂದ ವಾರಕ್ಕೊಮ್ಮೆ ಎಲ್ಲವನ್ನೂ ಕವುಚಿ ಹಾಕಬೇಕು. ಎಷ್ಟು ಸಿಕ್ಕವು ಎಂದು ಮಗುವೇ ಎಣಿಸಿ ಬರೆಯಲಿ. ಸಂಜೆ 112, 1077, 1098 ಎಂಬ ಮೂರು ಸಂಖ್ಯೆಗಳನ್ನು ಬಾಯಿಪಾಠ ಮಾಡಿಸಿ. ಮೊದಲನೆಯದು ತುರ್ತು ಸೇವೆ, ಎರಡನೆಯದು ಜಿಲ್ಲೆಯ ವಿಪತ್ತು ನಿಯಂತ್ರಣ ಕೊಠಡಿ, ಮೂರನೆಯದು ಮಕ್ಕಳ ಸಹಾಯವಾಣಿ.

ತಪ್ಪಿದ ಪಾಠಗಳು ಏನಾಗುತ್ತವೆ?

ಆ ಹೊಣೆ ಶಾಲೆಯದು. ಕೆಲಸದ ದಿನಗಳು ಕಡಿಮೆಯಾದರೆ ಶನಿವಾರ ಮಧ್ಯಾಹ್ನ ಅಥವಾ ಬೇರೆ ರಜಾದಿನಗಳಲ್ಲಿ ತರಗತಿ ನಡೆಸಿ ಸರಿದೂಗಿಸುತ್ತೇವೆ. ಹೊಸ ಪಾಠವನ್ನು ಮನೆಯಲ್ಲಿ ಮುಂದಾಗಿ ಕಲಿಸುವ ಅಗತ್ಯವಿಲ್ಲ.

ಮಗು ಪುಸ್ತಕ ಮುಟ್ಟಲು ಒಪ್ಪುವುದೇ ಇಲ್ಲ. ಹೊಡೆದಾದರೂ ಕೂರಿಸಲೇ?

ಬೇಡ. ಒಂದು ದಿನ ಓದದಿದ್ದರೆ ಯಾವ ಮಗುವೂ ಹಿಂದೆ ಬೀಳುವುದಿಲ್ಲ. ಓದು ಎಂದರೆ ಪೆಟ್ಟು ಎಂದು ಮನಸ್ಸಿನಲ್ಲಿ ಕೂತರೆ ಅದನ್ನು ತೆಗೆಯಲು ನಮಗೆ ವರ್ಷಗಳು ಬೇಕಾಗುತ್ತವೆ. ಪುಸ್ತಕವನ್ನು ಮಗುವಿಗೆ ಕಾಣುವಲ್ಲಿ ಇಟ್ಟು ನೀವು ನಿಮ್ಮ ಕೆಲಸ ಮಾಡಿ. ರಾತ್ರಿ ಮಲಗುವಾಗ ಒಂದು ಕತೆ ಹೇಳಿ, ಅರ್ಧದಲ್ಲಿ ನಿಲ್ಲಿಸಿ, ಉಳಿದರ್ಧವನ್ನು ಮಗುವಿಗೆ ಕಟ್ಟಲು ಬಿಡಿ. ಆ ದಿನಕ್ಕೆ ಅಷ್ಟಾದರೂ ಆಯಿತು.

ಮರುದಿನ ಶಾಲೆಗೆ ಏನು ಕಳುಹಿಸಬೇಕು? ಫೋಟೊ ತೆಗೆದು ಗುಂಪಿನಲ್ಲಿ ಹಾಕಬೇಕೇ?

ಫೋಟೊ ಬೇಡ. ಒಳ್ಳೆಯ ಫೋನ್ ಇಲ್ಲದ ಮನೆಯ ಮಗು ಅದರಿಂದ ಕುಗ್ಗುತ್ತದೆ. ಒಂದು ಚೀಟಿಯಲ್ಲಿ ಬಾಟಲಿಯ ಅಳತೆ, ಮನೆಮಾತಿನ ಒಂದು ಪದ, ಅಜ್ಜಿ ಹೇಳಿದ ಒಂದು ಒಗಟು ಬರೆದು ತಂದರೆ ಸಾಕು. ಬರೆಯಲು ಬಾರದ ಮಕ್ಕಳು ಬಾಯಲ್ಲಿ ಹೇಳಲಿ. ನಾವು ಎಲ್ಲ ಮನೆಗಳ ಮಳೆಯ ಅಳತೆಯನ್ನು ಕರಿಹಲಗೆಯ ಮೇಲೆ ಒಂದರ ಕೆಳಗೊಂದು ಬರೆಯುತ್ತೇವೆ. ಒಂದೇ ಊರಿನಲ್ಲಿ ಗುಡ್ಡದ ಮೇಲಿನ ಮನೆಗೂ ಬಯಲಿನ ಮನೆಗೂ ಅಂಕಿ ಬೇರೆಯಾಗಿ ಬಂದಾಗ, ಅದು ಮಳೆಯ ವ್ಯತ್ಯಾಸವೋ ಬಾಟಲಿ ಮಾಡಿನ ಕೆಳಗಿದ್ದುದರಿಂದ ಆದದ್ದೋ ಎಂದು ಮಕ್ಕಳೇ ವಾದಕ್ಕೆ ಇಳಿಯುತ್ತಾರೆ. ಆ ದಿನದ ಮೊದಲ ಪಾಠವನ್ನು ನಾನು ಅಲ್ಲಿಂದಲೇ ಆರಂಭಿಸುತ್ತೇನೆ.